112 ಗುಂಟೆ ತೆರೆದ ಜಾಗ ಸರಿ, ಅದರಲ್ಲಿ ಉದ್ಯಾನ ಎಷ್ಟು?

ಹುಬ್ಬಳ್ಳಿಯ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಹೀಗಿದೆ:

“ನಾನು ನಿವೃತ್ತ ಶಿಕ್ಷಕಿ. ನಮ್ಮ ಮನೆ 1970ರ ದಶಕದಲ್ಲಿ ಆದ ಬಡಾವಣೆಯೊಂದರಲ್ಲಿದೆ. ಎದುರಿನ ರಸ್ತೆ ದಾಟಿದರೆ 2 ಎಕರೆ 10 ಗುಂಟೆಯ ಉದ್ಯಾನ. ಅದಕ್ಕೆ ಹೊಂದಿಕೊಂಡು 1 ಎಕರೆ 30 ಗುಂಟೆಯಲ್ಲಿ ಸಂಸ್ಥೆಯೊಂದರ ಹಳೆಯ ಕ್ವಾರ್ಟರ್ಸ್ ಇವೆ. ಬಹಳ ವರ್ಷಗಳಿಂದ ಖಾಲಿ ಬಿದ್ದಿವೆ. ಈಗ ಎರಡನ್ನೂ ಕೂಡಿಸಿ ಅಭಿವೃದ್ಧಿ ಮಾಡುವ ಪ್ರಸ್ತಾವ ಬಂದಿದೆ. ನಾಲ್ಕು ಬ್ಲಾಕ್‌ಗಳಲ್ಲಿ 96 ಫ್ಲ್ಯಾಟ್, ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ರಸ್ತೆ ಬದಿಗೆ ಅಂಗಡಿಗಳು, ಒಂದು ಸಮುದಾಯ ಭವನ, ವಾಕಿಂಗ್ ಟ್ರ್ಯಾಕ್, ಕೂಡಲು ಕಟ್ಟೆಗಳು. ಸಭೆಯಲ್ಲಿ ‘ಒಟ್ಟು 160 ಗುಂಟೆಯಲ್ಲಿ 112 ಗುಂಟೆ ತೆರೆದ ಜಾಗವಾಗಿಯೇ ಉಳಿಯುತ್ತದೆ, ಈಗಿನ ಪಾರ್ಕು ಇರುವುದೇ 90 ಗುಂಟೆ, ನಿಮಗೆ ಲಾಭವೇ ಆಗುತ್ತದೆ’ ಎಂದರು. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಮನಸ್ಸು ಮಾತ್ರ ಒಪ್ಪುತ್ತಿಲ್ಲ. ಓಣಿಯಲ್ಲಿ ಎರಡು ಪಂಗಡಗಳಾಗಿವೆ. ಪಾರ್ಕಿನಲ್ಲಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ, ತಡೆಯಾಜ್ಞೆ ತರೋಣ ಎನ್ನುವವರು ಒಂದು ಕಡೆ. ಪಾಲಿಕೆಯ ಜಾಗ, ಅವರೇನಾದರೂ ಮಾಡಿಕೊಳ್ಳಲಿ, ನಮ್ಮ ಮನೆಗಳ ಬೆಲೆ ಏರುತ್ತದೆ ಎನ್ನುವವರು ಇನ್ನೊಂದು ಕಡೆ. ನಮ್ಮದು ಯರಿ ಮಣ್ಣು. ಅಷ್ಟು ದೊಡ್ಡ ಕಟ್ಟಡ ಬಂದರೆ ನಮ್ಮ ಗೋಡೆಗಳು ಬಿರಿಯುತ್ತವೆಯೇ, ನಳದ ನೀರು ಕಡಿಮೆಯಾಗುತ್ತದೆಯೇ ಎಂಬ ಹೆದರಿಕೆಯೂ ಇದೆ. ನಕ್ಷೆಯ ಫೋಟೊ ಜೊತೆಗಿಟ್ಟಿದ್ದೇನೆ. ನಾವು ಏನು ಕೇಳಬೇಕು?”

ನೀವು ಮನೆಗಳು ಬರುವುದನ್ನು ವಿರೋಧಿಸುತ್ತಿಲ್ಲ, ಪಾಳುಬಿದ್ದ ಕ್ವಾರ್ಟರ್ಸ್ ಹಾಗೆಯೇ ಇರಲಿ ಎಂದೂ ಹೇಳುತ್ತಿಲ್ಲ. ಒಂದು ಲೆಕ್ಕ ಸರಿ ಕಂಡರೂ ಅದರೊಳಗೆ ಏನೋ ಕಳೆದುಹೋಗುತ್ತಿದೆ ಎಂಬುದು ನಿಮ್ಮ ಚಿಂತೆ. ಆ ಅನುಮಾನ ಸರಿಯಾಗಿಯೇ ಇದೆ. ಆದ್ದರಿಂದ ಕಾನೂನಿಗಿಂತ ಮೊದಲು ಆ ಲೆಕ್ಕವನ್ನೇ ಬಿಡಿಸುತ್ತೇನೆ.

ನಗರ ಯೋಜನೆಯ ಭಾಷೆಯಲ್ಲಿ “ತೆರೆದ ಜಾಗ” ಎಂದರೆ ಮೇಲೆ ಸೂರಿಲ್ಲದ ಜಾಗ, ಅಷ್ಟೇ. ಕಟ್ಟಡದ ಸುತ್ತ ಬೆಳಕು, ಗಾಳಿ, ಅಗ್ನಿಶಾಮಕ ವಾಹನಗಳಿಗಾಗಿ ನಿಯಮದಂತೆ ಬಿಡಲೇಬೇಕಾದ ಸೆಟ್‌ಬ್ಯಾಕ್ ಕೂಡ ತೆರೆದ ಜಾಗವೇ, ಕಾರು ಓಡಾಡುವ ಒಳರಸ್ತೆಯೂ ತೆರೆದ ಜಾಗವೇ. ನೀವು ಕಳುಹಿಸಿದ ಚಿತ್ರದ ಮೂಲೆಯಲ್ಲಿ ಅಳತೆಯ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ಒಂದು ಸಂಜೆ ಕುಳಿತು ಸ್ಕೇಲು ಹಿಡಿದು ಅಳೆದೆ. ನಾಲ್ಕೂ ಬ್ಲಾಕ್‌ಗಳ ಸುತ್ತ ಆರು ಮೀಟರ್ ಅಗಲದ ಸೆಟ್‌ಬ್ಯಾಕ್ ಸೇರಿಸಿದರೆ ಸುಮಾರು 34 ಗುಂಟೆ ಆಗುತ್ತದೆ. ಒಳರಸ್ತೆ ಮತ್ತು ಬಂದುಹೋಗುವವರ ಪಾರ್ಕಿಂಗ್‌ಗೆ ಸುಮಾರು 16 ಗುಂಟೆ. ಅಂಗಡಿಗಳ ಮುಂದಿನ ಕಲ್ಲುಹಾಸಿಗೆ 8 ಗುಂಟೆ. ಇವೆಲ್ಲ ಸೇರಿ 58. ಅಂದರೆ 112ರಲ್ಲಿ ಮಣ್ಣು, ಹುಲ್ಲು, ಗಿಡ ಇರುವ, ಓಣಿಯ ಯಾರು ಬೇಕಾದರೂ ಹೋಗಿ ಕೂಡಬಹುದಾದ ಜಾಗ 54 ಗುಂಟೆ. ಈಗಿರುವುದು 90. ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಈ 36 ಗುಂಟೆಗೆ. ಫೋಟೊದ ಮೇಲೆ ಮಾಡಿದ ಅಳತೆಯಾದ್ದರಿಂದ ಒಂದೆರಡು ಗುಂಟೆ ಅತ್ತಿತ್ತ ಆದೀತು. ಆದರೆ ಲಾಭ ನಷ್ಟವಾಗುವಷ್ಟು ದೊಡ್ಡ ಅಂತರವನ್ನು ಅದು ಮುಚ್ಚುವುದಿಲ್ಲ.

ಸಭೆಯಲ್ಲಿ ಮಾತನಾಡಿದವರು ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ತಕ್ಕಡಿಗೆ ಹಾಕಿ ತೂಗಿದರು. ಮುಂದಿನ ಸಭೆಯಲ್ಲಿ “ತೆರೆದ ಜಾಗ ಎಷ್ಟು” ಎಂದು ಕೇಳಬೇಡಿ. “ಉದ್ಯಾನದ ಗಡಿ ಎಂದು ಯಾವ ಗೆರೆಯನ್ನು ತೋರಿಸುತ್ತೀರಿ, ಆ ಗೆರೆಯ ಒಳಗೆ ಎಷ್ಟು ಗುಂಟೆ” ಎಂದು ಕೇಳಿ.

ಇನ್ನು ಓಣಿಯ ಎರಡು ಪಂಗಡಗಳ ಮಾತು. ಇಬ್ಬರೂ ಅರ್ಧ ಸರಿ.

“ಪಾಲಿಕೆಯ ಜಾಗ, ಏನಾದರೂ ಮಾಡಿಕೊಳ್ಳಲಿ” ಎನ್ನುವುದು ತಪ್ಪು ಗ್ರಹಿಕೆ. ಬಡಾವಣೆಗೆ ಮಂಜೂರಾತಿ ಕೊಡುವಾಗ ರಸ್ತೆ ಮತ್ತು ಉದ್ಯಾನಗಳನ್ನು ಬಡಾವಣೆ ಮಾಡಿದವರಿಂದ ಬಿಟ್ಟುಕೊಡಿಸಿಕೊಂಡು ಸ್ಥಳೀಯ ಸಂಸ್ಥೆಯ ವಶಕ್ಕೆ ಕೊಡುವುದು ಮಾಲೀಕನಂತೆ ಅನುಭವಿಸಲಿ ಎಂದಲ್ಲ, ನಿವಾಸಿಗಳ ಪರವಾಗಿ ಕಾಯಲಿ ಎಂದು. ನಿಮ್ಮ ನಿವೇಶನಗಳನ್ನು ಮಾರುವಾಗ ಆ ಉದ್ಯಾನದ ಬೆಲೆಯೂ ಅದರಲ್ಲಿ ಸೇರಿಯೇ ಇತ್ತು. ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ತೀರ್ಪು ನಮ್ಮ ರಾಜ್ಯದ್ದೇ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್‌ಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟಿನ ವಿಭಾಗೀಯ ಪೀಠ ಆ ಹಂಚಿಕೆಯನ್ನು ರದ್ದು ಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ಪ್ರಕರಣ ಎಂದರೆ ಯಾವ ವಕೀಲರಿಗೂ ಗೊತ್ತಾಗುತ್ತದೆ. ಕಟ್ಟಲು ಹೊರಟಿದ್ದು ಆಸ್ಪತ್ರೆ, ಅಂದರೆ ಜನಕ್ಕೆ ಉಪಯೋಗವಾಗುವ ವಸ್ತುವೇ, ಎಂಬ ವಾದವೂ ಅಲ್ಲಿ ನಿಲ್ಲಲಿಲ್ಲ. ಫ್ಲ್ಯಾಟುಗಳ ವಾದ ಅದಕ್ಕಿಂತ ಗಟ್ಟಿಯಾಗುವುದು ಹೇಗೆ?

ಹಾಗೆಂದು “ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ” ಎನ್ನುವವರು ತಡೆಯಾಜ್ಞೆಗೆ ಓಡುವ ಮೊದಲು ಒಂದು ಕೆಲಸ ಮಾಡಬೇಕು: ನಿಮ್ಮ ಉದ್ಯಾನ ಕಾಗದದ ಮೇಲೆ ಯಾವ ಜಾತಿಯದು ಎಂದು ಪತ್ತೆ ಹಚ್ಚಬೇಕು. ನಾವು ಪಾರ್ಕು ಎಂದು ಕರೆಯುವ ಜಾಗಗಳು ದಾಖಲೆಯಲ್ಲಿ ಮೂರು ಬಗೆಯವು. ಮಂಜೂರಾದ ವಿನ್ಯಾಸ ನಕ್ಷೆಯಲ್ಲಿಯೇ ಉದ್ಯಾನವೆಂದು ಹಸಿರು ಬಳಿದು, ಬರಹದ ಮೂಲಕ ಬಿಟ್ಟುಕೊಟ್ಟದ್ದು ಒಂದು. ಇದು ಅತ್ಯಂತ ಭದ್ರ. ಎರಡನೆಯದು ಮಹಾಯೋಜನೆಯ (ಊರಿನ ಮಾಸ್ಟರ್ ಪ್ಲಾನಿನ) ನಕ್ಷೆಯಲ್ಲಿ ಉದ್ಯಾನಕ್ಕೆ ಕಾಯ್ದಿರಿಸಿದ, ಆದರೆ ಇನ್ನೂ ಖಾಸಗಿಯವರ ಹೆಸರಿನಲ್ಲೇ ಇರುವ ಜಾಗ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಮಿನ ಪ್ರಕಾರ ಐದು ವರ್ಷದೊಳಗೆ ಅದನ್ನು ಪಡೆದುಕೊಳ್ಳುವ ಅಥವಾ ಸ್ವಾಧೀನ ಮಾಡಿಕೊಳ್ಳುವ ಕ್ರಮ ನಡೆಯದಿದ್ದರೆ ಆ ಕಾಯ್ದಿರಿಸುವಿಕೆಯೇ ಬಿದ್ದುಹೋಗುತ್ತದೆ. ಜನ ಮೂವತ್ತು ವರ್ಷ ವಾಕಿಂಗ್ ಮಾಡಿದ್ದರೂ ಮಾಲೀಕ ಬಂದು ಕೇಳಬಹುದು. ಮೂರನೆಯದು ಸಿ.ಎ. ಸೈಟು, ಅಂದರೆ ಶಾಲೆಗೋ ಆಸ್ಪತ್ರೆಗೋ ಬಿಟ್ಟ ನಾಗರಿಕ ಸೌಲಭ್ಯದ ನಿವೇಶನ, ಖಾಲಿ ಉಳಿದು ಅಲ್ಲಿ ನಾಲ್ಕು ಬೇವಿನ ಗಿಡ ಬೆಳೆದು ಪಾರ್ಕಾಗಿ ಹೋದದ್ದು. ಹುಬ್ಬಳ್ಳಿ-ಧಾರವಾಡದಲ್ಲಿ ನಾನು ನೋಡಿದ ಜಗಳಗಳಲ್ಲಿ ಬಹಳಷ್ಟು ಈ ಮೂರನೆಯ ಬಗೆಯವು, ಮತ್ತು ಹೆಚ್ಚಿನವುಗಳಲ್ಲಿ ಜನ ತಾವು ಮೊದಲನೆಯ ಬಗೆಯ ಜಾಗದಲ್ಲಿದ್ದೇವೆ ಎಂದು ನಂಬಿ ಹೊರಟಿದ್ದರು.

ಇದನ್ನು ತಿಳಿಯಲು ಮೂರು ಕಾಗದ ಸಾಕು. ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಪಾಲಿಕೆಯಿಂದ ಬಡಾವಣೆಯ ಮಂಜೂರಾದ ಮೂಲ ವಿನ್ಯಾಸ ನಕ್ಷೆ, ನಗರ ಮಾಪನ ಕಚೇರಿಯಿಂದ ಉದ್ಯಾನ ಮತ್ತು ಕ್ವಾರ್ಟರ್ಸ್ ಎರಡರದೂ ಸಿ.ಟಿ.ಎಸ್. ಉತಾರ (ಜಾಗದ ಅಳತೆ ಮತ್ತು ಹಕ್ಕುದಾರರ ಹೆಸರಿರುವ ದಾಖಲೆ), ಈಗ ಜಾರಿಯಲ್ಲಿರುವ ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಭಾಗದ ಹಾಳೆ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಆದ್ದರಿಂದ ಮೂರು ಕಾಗದಕ್ಕೆ ಮೂರು ಅರ್ಜಿ ಹಾಕುವುದು ಜಾಣತನ. ಜೊತೆಗೆ ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ಸಂರಕ್ಷಣೆಗೆಂದು 1985ರ ಕಾಯ್ದೆಯೊಂದಿದೆ. ಅದರಡಿ ಸಿದ್ಧಪಡಿಸಿದ ಪಟ್ಟಿಯಲ್ಲಿ ನಿಮ್ಮ ಉದ್ಯಾನದ ಹೆಸರಿದೆಯೇ ಎಂದೂ ಕೇಳಿ. ಕಬ್ಬನ್ ಪಾರ್ಕು, ಲಾಲ್‌ಬಾಗುಗಳನ್ನು ಕಾಯುವುದು 1975ರ ಬೇರೊಂದು ಕಾಯ್ದೆ. ಓಣಿಯ ಸಭೆಗಳಲ್ಲಿ ಅದನ್ನೇ ಹಿಡಿದು ವಾದಿಸುವವರನ್ನು ನೋಡಿದ್ದೇನೆ, ನಿಮ್ಮ ಪಾರ್ಕಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ.

ಈಗ ಮನೆಗಳ ಪರವಾಗಿಯೂ ಎರಡು ಮಾತು ಹೇಳಬೇಕು. ಪಾಳುಬಿದ್ದ ಕ್ವಾರ್ಟರ್ಸಿಗೆ ಬೆನ್ನು ಕೊಟ್ಟಿರುವ ಪಾರ್ಕಿನಲ್ಲಿ ಕತ್ತಲಾಗುತ್ತಲೇ ಹೆಣ್ಣುಮಕ್ಕಳು ಎದ್ದು ಹೋಗುತ್ತಾರೆ. ಹಿಂದೆ ಧಾರವಾಡದ ಪಾರ್ಕೊಂದರ ಗೇಟಿನಲ್ಲಿ ಒಂದು ವಾರ ಸಂಜೆ ಐದೂವರೆಯಿಂದ ಏಳೂವರೆಯವರೆಗೆ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಮನೆಗಳ ಬಾಗಿಲು, ಬಾಲ್ಕನಿಗಳು ಮುಖಮಾಡಿದ್ದ ಬದಿಯ ಕಟ್ಟೆಗಳಲ್ಲಿ ದೀಪ ಹತ್ತಿದ ಮೇಲೂ ಅಜ್ಜಿಯರು ಮೊಮ್ಮಕ್ಕಳೊಂದಿಗೆ ಕುಳಿತಿರುತ್ತಿದ್ದರು. ಗೋದಾಮಿನ ಗೋಡೆಯ ಬದಿಗೆ ಅಷ್ಟೇ ಪ್ರಕಾಶದ ದೀಪ ಇದ್ದರೂ ಆ ಕಟ್ಟೆಗಳು ಆರೂವರೆಗೇ ಖಾಲಿ. ಕೂಗಿದರೆ ಕೇಳುವವರು ಇದ್ದಾರೆ ಎಂಬ ಧೈರ್ಯವನ್ನು ದೀಪದ ಕಂಬ ಕೊಡಲಾರದು. ಆದ್ದರಿಂದ ಕ್ವಾರ್ಟರ್ಸಿನ ಜಾಗದಲ್ಲಿ ಮನೆಗಳು ಬರುವುದು, ಅವು ಉದ್ಯಾನಕ್ಕೆ ಮುಖ ಮಾಡುವುದು, ನಿಮ್ಮ ಪಾರ್ಕಿಗೆ ಒಳ್ಳೆಯದೇ. ನಿಮ್ಮ ನಕ್ಷೆಯಲ್ಲಿ ಎರಡು ಬ್ಲಾಕ್‌ಗಳು ಉದ್ಯಾನದ ಕಡೆಗೆ ಅಡುಗೆಮನೆಯ ಯುಟಿಲಿಟಿ ಮತ್ತು ಪೈಪುಗಳ ಬದಿಯನ್ನು ಕೊಟ್ಟಿವೆ. ಅದನ್ನು ತಿರುಗಿಸಲು ಹೇಳಿ.

ಆದರೆ ಹೊಸಬರು ಬರುವುದರಿಂದ ಉದ್ಯಾನದ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಎನ್ನುತ್ತದೆ. 96 ಮನೆಗೆ ತಲಾ ನಾಲ್ವರಂತೆ 384 ಜನ. 10 ಚದರ ಮೀಟರಿನಂತೆ ಹಿಡಿದರೂ 3,840 ಚದರ ಮೀಟರ್, ಅಂದರೆ 38 ಗುಂಟೆ. ಹೊಸ ನಿವಾಸಿಗಳು ತಮ್ಮ ಪಾಲಿನ 38 ಗುಂಟೆಯನ್ನು ತರಬೇಕಾದಲ್ಲಿ ಹಳಬರ 36 ಗುಂಟೆಯನ್ನು ತೆಗೆದುಕೊಳ್ಳುತ್ತಿದ್ದಾರೆ. ಮಾರ್ಗಸೂಚಿ ಕಾನೂನಲ್ಲ, ನಮ್ಮ ಊರುಗಳು ಅದರ ಹತ್ತಿರಕ್ಕೂ ಬಂದಿಲ್ಲ; ಆದರೂ ಸಭೆಯಲ್ಲಿ ಇಡಲು ಈ ಎರಡು ಅಂಕಿಗಳು ಒಳ್ಳೆಯವು.

ನಿಮ್ಮ ಯರಿ ಮಣ್ಣಿನ ಭಯಕ್ಕೆ ಬರುತ್ತೇನೆ, ಏಕೆಂದರೆ ಇದರಲ್ಲಿ ಊಹಾಪೋಹವೇ ಜಾಸ್ತಿ. ದೊಡ್ಡ ಕಟ್ಟಡದ ಭಾರಕ್ಕೆ ಪಕ್ಕದ ಮನೆಯ ಗೋಡೆ ಬಿರಿಯುತ್ತದೆ ಎನ್ನುವುದು ಸರಿಯಲ್ಲ. ಯರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಗೋಡೆಯನ್ನು ಸೀಳುವುದು ಈ ಉಸಿರಾಟ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಂಪೌಂಡೊಂದರ ಬುಡದಲ್ಲಿ ಬಿಟ್ಟಿದ್ದ ಬಿರುಕಿನೊಳಗೆ ಉಕ್ಕಿನ ಟೇಪು ಇಳಿಸಿದಾಗ ಎರಡೂವರೆ ಅಡಿಯವರೆಗೆ ತಡೆಯಿಲ್ಲದೆ ಹೋಗಿತ್ತು. ಅದೇ ಜಾಗ ಜುಲೈನಲ್ಲಿ ಕಾಲಿಟ್ಟರೆ ಮೆತ್ತಗೆ ಮುಚ್ಚಿಕೊಂಡಿತ್ತು. ಈ ಏರಿಳಿತ ಸಾಮಾನ್ಯವಾಗಿ ಮೂರೂವರೆ ಮೀಟರ್ ಆಸುಪಾಸಿನ ಆಳದವರೆಗೆ ಇರುತ್ತದೆ. ಹೊಸ ಕಟ್ಟಡಕ್ಕೆ ಅದರ ಕೆಳಗಿನ ಗಟ್ಟಿ ಪದರಕ್ಕೆ ಇಳಿಯುವ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಪೈಲುಗಳನ್ನು ಹಾಕುತ್ತಾರೆ, ಅದಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ನಾಲ್ಕೈದು ಅಡಿ ಆಳದ ಕಲ್ಲಿನ ಬುನಾದಿಯ ಮೇಲೆ ನಿಂತಿರುವ 1970ರ ದಶಕದ ಮನೆಗಳಿಗೆ. ಪಕ್ಕದಲ್ಲಿ ಬೇಸ್‌ಮೆಂಟ್ ಅಗೆದು ಒಂದು ಬೇಸಿಗೆ ಬಾಯಿ ತೆರೆದಿಟ್ಟರೆ ನಿಮ್ಮ ಕಡೆಯ ಮಣ್ಣಿನ ಪಸೆ ಆ ಗುಂಡಿಯತ್ತ ಹೋಗುತ್ತದೆ. ನಿಮ್ಮ ಪ್ರಸ್ತಾವದಲ್ಲಿ ನೆಲಮಟ್ಟದಲ್ಲೇ ಪಾರ್ಕಿಂಗ್ ಇದೆ, ಬೇಸ್‌ಮೆಂಟ್ ಇಲ್ಲ. ನಡುವೆ ರಸ್ತೆಯೂ ಇದೆ. ಹೀಗಾಗಿ ನಿಮ್ಮ ಮನೆಗೆ ಅಪಾಯ ಕಡಿಮೆ.

ಜನರಿಗೆ ಹೊಳೆಯದ ಒಂದು ಅಪಾಯ ಮಾತ್ರ ಇದೆ. ದೊಡ್ಡ ಗಿಡಗಳು ಯರಿ ಮಣ್ಣಿನಿಂದ ವರ್ಷಗಟ್ಟಲೆ ನೀರು ಹೀರಿ ಅದನ್ನು ಒಂದು ಹದದಲ್ಲಿ ಇಟ್ಟಿರುತ್ತವೆ. ಅವನ್ನು ಒಮ್ಮೆಲೇ ಕಡಿದರೆ, ಮುಂದಿನ ಮಳೆಗಾಲಗಳಲ್ಲಿ ಆ ಮಣ್ಣು ಹಿಂದೆಂದಿಗಿಂತ ಹೆಚ್ಚು ಉಬ್ಬುತ್ತದೆ. ಗಿಡದ ಬೇರಿನಿಂದ ಗೋಡೆ ಬಿರಿಯಿತು ಎನ್ನುವವರನ್ನು ದಿನಾ ನೋಡುತ್ತೇವೆ. ಗಿಡ ಹೋದ ಮೇಲೆ ಬಿರಿದ ಗೋಡೆಗಳನ್ನೂ ನಾನು ನೋಡಿದ್ದೇನೆ. ಕೆಲಸ ಶುರುವಾಗುವ ಮೊದಲೇ ಉದ್ಯಾನದ ಸುತ್ತಲಿನ ಮನೆಗಳ ಗೋಡೆಗಳನ್ನು ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಈಗಾಗಲೇ ಬಿರುಕಿದ್ದರೆ ಅದಕ್ಕೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆಯಿರಿ. ಬಿರುಕು ಕದಲಿದರೆ ಗಾಜು ಒಡೆಯುತ್ತದೆ, ಆಮೇಲೆ ವಾದಕ್ಕೆ ಜಾಗವಿಲ್ಲ.

ನೀರಿನ ಲೆಕ್ಕ ಸರಳ. ತಲೆಗೆ ದಿನಕ್ಕೆ 135 ಲೀಟರಿನಂತೆ 384 ಜನಕ್ಕೆ ಸುಮಾರು 52 ಸಾವಿರ ಲೀಟರ್ ಬೇಕು. ಮಲಪ್ರಭೆಯಿಂದ ಬರುವ ನೀರಿನಲ್ಲಿ ಇದು ದೊಡ್ಡ ಪಾಲಲ್ಲ. ಆದರೆ ನಿಮ್ಮ ಓಣಿಯ ಹಳೆಯ ಕೊಳವೆಯಿಂದಲೇ ಸಂಪರ್ಕ ಕೊಟ್ಟರೆ ಒತ್ತಡ ಬೀಳುವುದು ನಿಮ್ಮ ನಳಕ್ಕೇ. ಮುಖ್ಯ ಕೊಳವೆಯಿಂದ ಪ್ರತ್ಯೇಕ ಸಂಪರ್ಕ ಎಂದು ಷರತ್ತಿನಲ್ಲಿ ಬರೆಸಿ. ಬಳಸಿದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು, ಅಂದರೆ ಸುಮಾರು 41 ಸಾವಿರ ಲೀಟರ್, ದಿನವೂ ಒಳಚರಂಡಿಗೆ ಹೋಗುತ್ತದೆ. ಅದನ್ನು ಅಲ್ಲೇ ಶುದ್ಧ ಮಾಡಿ ಉದ್ಯಾನಕ್ಕೆ ಕೊಟ್ಟರೆ ಬೇಸಿಗೆಯಲ್ಲಿ ನಿಮ್ಮ ಹುಲ್ಲಿಗೆ ಟ್ಯಾಂಕರ್ ತರಿಸಬೇಕಾಗಿಲ್ಲ. ಪರಿಸರ ಅನುಮತಿಯ ಹಂತದಲ್ಲಿ ಇದನ್ನೆಲ್ಲ ನೋಡುತ್ತಾರೆ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ: ಆ ಅನುಮತಿ ಬೇಕಾಗುವುದು 20,000 ಚದರ ಮೀಟರ್ ಕಟ್ಟಡ ವಿಸ್ತೀರ್ಣದಿಂದ ಮೇಲೆ, ನಿಮ್ಮದು ಅದರ ಒಳಗೇ ಉಳಿಯುವಂತೆ ಕಾಣುತ್ತದೆ.

ಗಿಡಗಳ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಪಾರ್ಕೊಂದಕ್ಕೆ ನಾನೇ ನಕ್ಷೆ ಬರೆದಿದ್ದೆ. ದೊಡ್ಡ ಬೇವಿನ ಗಿಡದ ಸುತ್ತ ಚಂದ ಕಾಣಲೆಂದು ದುಂಡನೆಯ ಕಟ್ಟೆ, ಬೊಡ್ಡೆಯವರೆಗೂ ಪೇವರ್ ಕಲ್ಲು. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು. ಅಲ್ಲಿಯ ಮಾಲಿ ಮಾತ್ರ ಬಂದು, “ಸಾಹೇಬ್ರ, ಎಲ್ಲಾ ಛಲೋ ಆಗೇತಿ, ಗಿಡಕ್ಕ ನೀರು ಕುಡಿಯಾಕ ಬಾಯಿನ ಬಿಟ್ಟಿಲ್ಲಲ್ರಿ” ಎಂದ. ನಕ್ಕು ಸುಮ್ಮನಾದೆ. ನಾಲ್ಕನೆಯ ವರ್ಷದ ಅಡ್ಡಮಳೆಯ ಗಾಳಿಗೆ ಆ ಗಿಡ ಬುಡಸಮೇತ ಬಿತ್ತು. ಬೇರುಗಳು ಕಲ್ಲಿನ ಕೆಳಗೆ ಕೊಳೆತು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಅಂದಿನಿಂದ ಗಿಡದ ಟೊಂಗೆಗಳ ಹರವು ಎಷ್ಟಿದೆಯೋ ಅಷ್ಟು ನೆಲವನ್ನು ಮಣ್ಣಾಗಿಯೇ ಬಿಡುತ್ತೇನೆ. ನಿಮ್ಮ ನಕ್ಷೆಯ ವಾಕಿಂಗ್ ಟ್ರ್ಯಾಕು ಐದು ಕಡೆ ಹಳೆಯ ಗಿಡಗಳ ಬುಡಕ್ಕೆ ತಾಗಿಕೊಂಡೇ ಹೋಗುತ್ತದೆ. ಗಿಡಗಳನ್ನು ಬೇರೆಡೆಗೆ ಸಾಗಿಸಿ ನೆಡುತ್ತೇವೆ ಎಂಬ ಮಾತಿಗೂ ಬೇಗ ಒಪ್ಪಬೇಡಿ: ಆಲ, ಅರಳಿ ಬದುಕಿಕೊಳ್ಳುತ್ತವೆ, ವಯಸ್ಸಾದ ಬೇವು ಬದುಕುವುದು ಕಷ್ಟ. ಕಡಿಯುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕೇ ಬೇಕು, 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕರ ಆಕ್ಷೇಪಣೆಯನ್ನೂ ಕರೆಯಬೇಕು. ಕೆಲವೊಮ್ಮೆ ಕೆಲಸವನ್ನು ಹಂತಗಳಾಗಿ ಒಡೆದು ಪ್ರತಿ ಹಂತದಲ್ಲಿ 50ರ ಒಳಗೇ ತೋರಿಸುವುದುಂಟು. ಆದ್ದರಿಂದ ಇಡೀ ಜಾಗದ ಗಿಡಗಳನ್ನು ನೀವೇ ಎಣಿಸಿ ನಂಬರು ಬರೆದಿಡಿ. ಹುಬ್ಬಳ್ಳಿ-ಧಾರವಾಡದ ನಡುವಿನ ಬಿಆರ್‌ಟಿಎಸ್ ಬಸ್ಸಿನ ದಾರಿಗೆ ಗಿಡಗಳು ಹೋದಾಗ ಎರಡೂ ಊರಿನವರು ಮರುಗಿದ್ದು ಎಲ್ಲ ಮುಗಿದ ಮೇಲೆ.

ಪಾದಚಾರಿ ಸೌಲಭ್ಯ ಎಂಬ ಮಾತು ನಕ್ಷೆಯಲ್ಲಿ ದೊಡ್ಡ ಅಕ್ಷರದಲ್ಲಿದೆ, ಒಳಗೆ ನೋಡಿದರೆ ಬಹುಪಾಲು ಪೇವರ್ ಮತ್ತು ಅಲಂಕಾರದ ದೀಪ. ನಡೆಯುವವರಿಗೆ ಬೇಕಾದದ್ದು ಉದ್ಯಾನದ ಒಳಗಿನ ಸುತ್ತಿಗಿಂತ ಮುಂಚೆ ಉದ್ಯಾನಕ್ಕೆ ಬರುವ ದಾರಿ. ಐಆರ್‌ಸಿ 103 ಎಂಬ ರಾಷ್ಟ್ರೀಯ ಮಾರ್ಗಸೂಚಿ ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ಕಂಬ, ಗಾಡಿ, ಚರಂಡಿಯ ಮುಚ್ಚಳ ಇಲ್ಲದ ಸಲೀಸಾದ ಅಗಲ ಕನಿಷ್ಠ 1.8 ಮೀಟರ್ ಇರಬೇಕೆನ್ನುತ್ತದೆ. ಅಂಚಿನ ಎತ್ತರ 150 ಮಿ.ಮೀ. ದಾಟಬಾರದು. ನಮ್ಮಲ್ಲಿ ಒಂದಡಿ ಎತ್ತರದ ಅಂಚು ಕಟ್ಟಿ, ಮೊಣಕಾಲು ನೋವಿನ ಹಿರಿಯರನ್ನು ಡಾಂಬರಿನ ಮೇಲೆಯೇ ನಡೆಸುತ್ತೇವೆ. ಗಾಲಿಕುರ್ಚಿಗೆ 12 ಅಡಿಗೆ 1 ಅಡಿ ಏರುವ ಇಳಿಜಾರು ಬೇಕು. ಬೈಕು ಒಳಗೆ ಬರದಿರಲಿ ಎಂದು ಗೇಟಿನಲ್ಲಿ ಅಡ್ಡಾದಿಡ್ಡಿ ಕೊಳವೆ ನೆಡುವ ಪದ್ಧತಿ ಇದೆ. ಅದರಿಂದ ಬೈಕು ಹೇಗೋ ನುಸುಳುತ್ತದೆ, ಗಾಲಿಕುರ್ಚಿ ಹೊರಗೇ ಉಳಿಯುತ್ತದೆ. ಇನ್ನು ಗೇಟಿನ ಗಿರ್ಮಿಟ್ಟು-ಮಿರ್ಚಿಯ ಗಾಡಿಗಳನ್ನು ಎಬ್ಬಿಸಿ ಆ ಜಾಗದಲ್ಲಿ ಅಂಗಡಿ ಸಾಲು ಮಾಡುವ ಯೋಚನೆಯಿದ್ದಂತಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಅವರನ್ನು ಹಾಗೆ ಎಬ್ಬಿಸಲು ಬರುವುದಿಲ್ಲ. ಸಂಜೆ ಆ ಗಾಡಿಗಳ ಬೆಳಕು ಮತ್ತು ಜನ ಇರುವುದರಿಂದಲೇ ಆ ಗೇಟು ಸುರಕ್ಷಿತವಾಗಿದೆ ಎಂಬುದು ನನ್ನ ಅನುಭವ.

ದಾರಿಗಳು ಏನಿವೆ? ನನ್ನ ಒಲವನ್ನು ಮುಚ್ಚಿಡುವುದಿಲ್ಲ: ಉದ್ಯಾನದ 90 ಗುಂಟೆಯನ್ನು ಮುಟ್ಟದೆ ಕ್ವಾರ್ಟರ್ಸಿನ 70 ಗುಂಟೆಯಲ್ಲಿಯೇ ಮನೆಗಳನ್ನು ಕಟ್ಟುವುದು. 96 ಫ್ಲ್ಯಾಟ್ ಅಲ್ಲಿ ಹಿಡಿಸುವುದಿಲ್ಲ ಎನ್ನುತ್ತಾರೆ. ನಾಲ್ಕು ಮಹಡಿಯ ಬದಲು ಆರು ಮಹಡಿ ಏರಿದರೆ ಅಷ್ಟೇ ಮನೆಗಳು ಸುಮಾರು 21 ಗುಂಟೆಯ ಬುಡದ ಮೇಲೆ ನಿಲ್ಲುತ್ತವೆ. ಎಫ್‌ಎಆರ್, ಅಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ಜಮೀನಿನ ವಿಸ್ತೀರ್ಣಕ್ಕೂ ಇರುವ ಅನುಪಾತ, ಸುಮಾರು 1.8 ಬರುತ್ತದೆ, ರಸ್ತೆಯ ಅಗಲ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡಬೇಕು, ಒಪ್ಪದಿದ್ದರೆ ಮನೆಗಳ ಸಂಖ್ಯೆ ಇಳಿಯಬೇಕು. ಇದರ ತೊಂದರೆಗಳೂ ಇವೆ. ಎತ್ತರ ಹೆಚ್ಚಿದಂತೆ ಅಗ್ನಿಸುರಕ್ಷತೆಯ ಖರ್ಚು ಏರುತ್ತದೆ, ಕಟ್ಟುವವರ ಲಾಭ ಇಳಿಯುತ್ತದೆ. ನೆರಳೂ ಉದ್ದವಾಗುತ್ತದೆ: ಕ್ವಾರ್ಟರ್ಸ್ ಉದ್ಯಾನದ ದಕ್ಷಿಣಕ್ಕಿರುವುದರಿಂದ ಡಿಸೆಂಬರಿನ ನಡುಹಗಲಿನಲ್ಲಿ 15 ಮೀಟರ್ ಕಟ್ಟಡದ ನೆರಳು 12 ಮೀಟರ್, 21 ಮೀಟರ್ ಕಟ್ಟಡದ್ದು 17 ಮೀಟರ್ ಉತ್ತರಕ್ಕೆ ಚಾಚುತ್ತದೆ. ನಮ್ಮ ಬಿಸಿಲಿಗೆ ನೆರಳು ಶಾಪವೇನಲ್ಲ, ಹುಲ್ಲಿಗೆ ಮಾತ್ರ ತೊಂದರೆ. ಆ ಅಂಚಿನಲ್ಲಿ ಹುಲ್ಲು ಬಿಟ್ಟು ಕಟ್ಟೆ ಮತ್ತು ಮಕ್ಕಳ ಆಟದ ಜಾಗ ಮಾಡಬಹುದು.

ಎರಡನೆಯದು ಅದಲು-ಬದಲು: ಉದ್ಯಾನದ ಒಂದು ಮೂಲೆ ಕೊಟ್ಟು ಕ್ವಾರ್ಟರ್ಸಿನ ಅಷ್ಟೇ ಜಾಗವನ್ನು ಉದ್ಯಾನಕ್ಕೆ ಪಡೆಯುವುದು. ನಕ್ಷೆಯ ಮೇಲೆ ಇದು ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ಮಂಜೂರಾದ ಉದ್ಯಾನವಾಗಿದ್ದರೆ ಮೊದಲು ಹೇಳಿದ ತೀರ್ಪು ಅಡ್ಡ ಬರುತ್ತದೆ, ಭೂಬಳಕೆ ಬದಲಿಸಲು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆದು ಸರ್ಕಾರದ ಒಪ್ಪಿಗೆ ಪಡೆಯಬೇಕು, ಅದು ಸಾರ್ವಜನಿಕ ಹಿತಕ್ಕೆಂದು ತೋರಿಸಬೇಕು. ಅದಕ್ಕಿಂತ ದೊಡ್ಡ ಅಪಾಯ ಸರದಿಯದು: ಕೊಡುವುದು ಇಂದು, ಪಡೆಯುವುದು ಕಾಮಗಾರಿ ಮುಗಿದ ಮೇಲೆ. ಯಾರಾದರೂ ಈ ದಾರಿಗೆ ಒತ್ತಾಯಿಸಿದರೆ, ಬದಲಿ ಜಾಗದಲ್ಲಿ ಗಿಡ ನೆಟ್ಟು, ಗೇಟು ತೆರೆದು, ಉತಾರದಲ್ಲಿ ಉದ್ಯಾನವೆಂದು ದಾಖಲಾದ ಮೇಲೆಯೇ ಹಳೆಯದನ್ನು ಮುಟ್ಟಬಹುದು ಎಂದು ಬರೆಸಿಕೊಳ್ಳಿ. ಹೆಚ್ಚಿನವರು ಅಲ್ಲಿಗೇ ಹಿಂದೆ ಸರಿಯುತ್ತಾರೆ.

ಸಭೆಯಲ್ಲಿ ಯಾರೋ ಉದ್ಯಾನದ ಕೆಳಗೆ ಪಾರ್ಕಿಂಗ್ ಮಾಡಿ ಮೇಲೆ ಮತ್ತೆ ಹುಲ್ಲು ಹಾಸೋಣ ಎಂದರೆಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಸ್ಲ್ಯಾಬಿನ ಮೇಲಿನ ಉದ್ಯಾನ ಎಂದರೆ ದೊಡ್ಡ ಹೂಕುಂಡ. ಅದರಲ್ಲಿ ಬೇವು ಬೆಳೆಯುವುದಿಲ್ಲ. ಗಂಟೆಗೆ 50 ಮಿ.ಮೀ. ಸುರಿಯುವ ಒಂದು ಮಳೆಗೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು ಎರಡು ಲಕ್ಷ ಲೀಟರ್. ಇಂದು ಅದರಲ್ಲಿ ಒಂದಷ್ಟನ್ನು ಕುಡಿಯುವ ನೆಲವೇ ಅಲ್ಲಿ ಇರುವುದಿಲ್ಲ, ಎಲ್ಲ ನಿಮ್ಮ ರಸ್ತೆಗೆ ಬರುತ್ತದೆ. ಬೇಸ್‌ಮೆಂಟಿನ ಮಣ್ಣಿನ ಮಾತು ಮೇಲೆಯೇ ಹೇಳಿದ್ದೇನೆ.

ಏನೂ ಬೇಡ, ಪಾರ್ಕನ್ನಷ್ಟೇ ದುರಸ್ತಿ ಮಾಡಿ ಎನ್ನುವುದೂ ಒಂದು ದಾರಿ. ಪಾಳು ಕ್ವಾರ್ಟರ್ಸ್ ಹಾಗೆಯೇ ಉಳಿಯುತ್ತದೆ ಮತ್ತು ಐದು ವರ್ಷಕ್ಕೆ ಇದೇ ಪ್ರಸ್ತಾವ ಇನ್ನಷ್ಟು ದೊಡ್ಡದಾಗಿ ಮರಳಿ ಬರುತ್ತದೆ ಎಂದು ನನ್ನ ಊಹೆ.

ಕೊನೆಯದಾಗಿ, ಎಲ್ಲಕ್ಕಿಂತ ಕಡಿಮೆ ಕಣ್ಣಿಗೆ ಬೀಳುವ, ಒಮ್ಮೆ ಆದರೆ ಹಿಂದಕ್ಕೆ ತರಲಾಗದ ಸಂಗತಿ. 500 ಚದರ ಮೀಟರಿಗಿಂತ ದೊಡ್ಡದಾದ, ಎಂಟಕ್ಕಿಂತ ಹೆಚ್ಚು ಮನೆಗಳೂ ಇರುವ ಯೋಜನೆ ರೇರಾದಲ್ಲಿ, ಅಂದರೆ ಸ್ಥಿರಾಸ್ತಿ ಯೋಜನೆಗಳನ್ನು ನಿಯಂತ್ರಿಸುವ ಪ್ರಾಧಿಕಾರದಲ್ಲಿ, ನೋಂದಣಿಯಾಗಲೇಬೇಕು. ಆಗ ಯೋಜನೆಯ ಜಮೀನು ಎಂದು ಎಷ್ಟು ಗುಂಟೆ ತೋರಿಸುತ್ತಾರೆ ಎಂಬುದನ್ನು ನೋಡಿ. 160 ತೋರಿಸಿದರೆ, ಪ್ರತಿ ಫ್ಲ್ಯಾಟಿನ ಕ್ರಯಪತ್ರದಲ್ಲಿ ಬರುವ ಜಮೀನಿನ ಅವಿಭಜಿತ ಪಾಲಿನಲ್ಲಿ ಉದ್ಯಾನದ ನೆಲವೂ ಸೇರಿ ಮಾರಾಟವಾಗುವ ದಾರಿ ತೆರೆಯುತ್ತದೆ. ನಾಳೆ ಫ್ಲ್ಯಾಟಿನವರ ಸಂಘ ಬಂದು “ಇದು ನಮ್ಮ ಸಾಮಾನ್ಯ ಜಾಗ” ಎಂದು ಗೇಟಿಗೆ ಕೀಲಿ ಹಾಕಿದರೆ ಅವರನ್ನು ತಪ್ಪೆನ್ನಲೂ ಆಗದು, ಏಕೆಂದರೆ ಅವರು ಹಣ ಕೊಟ್ಟಿರುತ್ತಾರೆ. ಯೋಜನೆಯ ಜಮೀನು 70 ಗುಂಟೆಗೆ ನಿಲ್ಲಬೇಕು. ಉದ್ಯಾನದ ಗೇಟಿನ ಕೀಲಿಕೈ, ನಿರ್ವಹಣೆಯ ಹೊಣೆ, ತೆರೆಯುವ-ಮುಚ್ಚುವ ಹೊತ್ತು ಪಾಲಿಕೆಯ ಕೈಯಲ್ಲಿ ಎಂದು ಒಪ್ಪಂದದಲ್ಲಿ ಬರೆದಿರಬೇಕು. ಮನೆಗಳ ಬೆಲೆ ಏರುತ್ತದೆ ಎಂದು ಕಾಯುತ್ತಿರುವ ನೆರೆಯವರಿಗೂ ಇದನ್ನು ತೋರಿಸಿ: ಏರುವ ಬೆಲೆ ತೆರೆದ ಗೇಟಿನ ಪಾರ್ಕಿಗೆ, ಕಾಂಪೌಂಡಿನಾಚೆ ಕಾಣುವ ಹಸಿರಿಗೆ ಅಲ್ಲ.

ತಡೆಯಾಜ್ಞೆಯ ಮಾತನ್ನು ಕಾಗದಗಳು ಬರುವವರೆಗೆ ಬದಿಗಿಡಿ. ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಎರಡೂ ಪಂಗಡದವರು ಕೂಡಿ ನೂರಡಿಯ ಟೇಪು ತೆಗೆದುಕೊಂಡು ಉದ್ಯಾನದ ನಾಲ್ಕೂ ಬದಿ ಅಳೆಯಿರಿ, ಗಿಡಗಳನ್ನು ಎಣಿಸಿ. ಈಗಿನ ತಂತಿಬೇಲಿ ಉತಾರದ ಗಡಿಯ ಮೇಲೆಯೇ ಇರಬೇಕೆಂದೇನಿಲ್ಲ; ಬೇಲಿ ಒಳಗೆ ಸರಿದು ಒಂದೆರಡು ಗುಂಟೆ ಈಗಾಗಲೇ ಕ್ವಾರ್ಟರ್ಸಿನ ಬದಿಗೆ ಹೋಗಿರುವುದೂ ಉಂಟು, ಅದರ ಉಲ್ಟಾ ಕೂಡ. ಉತಾರ ಮತ್ತು ಮೂಲ ನಕ್ಷೆ ಕೈಗೆ ಬಂದ ಮೇಲೆ ನಿಮ್ಮ ಅಳತೆಯ ಜೊತೆ ಕಳುಹಿಸಿಕೊಡಿ, ಗೆರೆ ಎಲ್ಲಿ ಹಾಯುತ್ತದೆ ಎಂದು ಪ್ರಸ್ತಾವದ ನಕ್ಷೆಯ ಮೇಲೆಯೇ ಕೆಂಪು ಮಸಿಯಲ್ಲಿ ಎಳೆದು ಕೊಡುತ್ತೇನೆ.